ಗಾಡಿ ಮುಟ್ಟಿ ನೋಡುವ ತನಕ ದುಡ್ಡು ಬಿಚ್ಚಬೇಡಿ

ಓದುಗರೊಬ್ಬರ ಪತ್ರ: "ಮಗಳು ಕೆಲಸಕ್ಕೆ ಓಡಾಡಲು ಒಂದು ಹಳೆ ಬೈಕ್ ಹುಡುಕುತ್ತಿದ್ದೆ. ಆನ್‌ಲೈನ್‌ನಲ್ಲಿ ಒಂದು ಕಣ್ಣಿಗೆ ಬಿತ್ತು. ಅದೇ ಮಾಡೆಲ್‌ಗೆ ಬೇರೆಯವರು ಹೇಳುವ ರೇಟಿನಲ್ಲಿ ಅರ್ಧಕ್ಕೇ ಕೊಡುತ್ತಾರಂತೆ. ಮಾಲೀಕರಿಗೆ ದೂರಕ್ಕೆ ವರ್ಗವಾಗಿದೆ, ಬೈಕ್ ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲಿದೆ. ಬುಕಿಂಗ್‌ಗೆ ಸ್ವಲ್ಪ ಹಣ ಕಳಿಸಿದರೆ ಮನೆ ಬಾಗಿಲಿಗೇ ಬರುತ್ತದೆ, ಉಳಿದದ್ದನ್ನು ಗಾಡಿ ನೋಡಿ ಕೊಡಿ ಎನ್ನುತ್ತಾರೆ. ತಮ್ಮ ಗುರುತಿನ ಚೀಟಿಯನ್ನೂ ಕಳಿಸಿದ್ದಾರೆ. ನನ್ನದನ್ನೂ ಕೇಳಿದರು, ಕಳಿಸಿದೆ. ಸಣ್ಣ ಮೊತ್ತ, ಹೋದರೆ ಹೋಗಲಿ ಅಂತ ಹಾಕಿಬಿಡಲೇ? ಇದು ಮೋಸ ಅಂತಾದರೆ, ಹಳೆ ಬೈಕನ್ನು ಆನ್‌ಲೈನ್‌ನಲ್ಲಿ ಕೊಳ್ಳುವ ಆಸೆಯನ್ನೇ ಬಿಡಬೇಕೇ?"

ಹಾಕಬೇಡಿ. ನೀವು ಬರೆದಿರುವ ಒಂದೊಂದು ಮಾತೂ ಇಂಥ ವಂಚನೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತೇ. ಅರ್ಧ ರೇಟು, ದೂರಕ್ಕೆ ವರ್ಗ, ಗೋದಾಮಿನಲ್ಲಿರುವ ಗಾಡಿ, ಕೇಳದೆಯೇ ಬರುವ ಗುರುತಿನ ಚೀಟಿ. ಆ ಬೈಕ್ ಎಲ್ಲೋ ಇರಬಹುದು, ಆದರೆ ಅದು ಅವರದ್ದಲ್ಲ. ಬೇರೆ ಯಾರೋ ಹಾಕಿದ್ದ ಜಾಹೀರಾತಿನಿಂದ ಫೋಟೋ ಎತ್ತಿಕೊಂಡಿರುವ ಸಾಧ್ಯತೆಯೇ ಜಾಸ್ತಿ. ಫೋಟೋವನ್ನು ಒಮ್ಮೆ ಇಮೇಜ್ ಸರ್ಚ್‌ಗೆ ಕೊಟ್ಟು ನೋಡಿ. ಅದೇ ಬೈಕ್ ಬೇರೆ ಊರಿನಲ್ಲಿ, ಬೇರೆ ಹೆಸರಿನಲ್ಲಿ ಮಾರಾಟಕ್ಕಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಎಲ್ಲೂ ಸಿಗಲಿಲ್ಲ ಅಂದರೆ ಮಾತ್ರ ನಿರಾಳವಾಗಬೇಡಿ. ಫೋಟೋ ಹುಡುಕಾಟಕ್ಕೆ ಸಿಗದಿರುವುದಕ್ಕೆ ಬೇರೆ ಹತ್ತು ಕಾರಣಗಳಿರುತ್ತವೆ.

"ಸಣ್ಣ ಮೊತ್ತ, ಹೋದರೆ ಹೋಗಲಿ" ಅಂದಿರಿ. ನನಗೆ ತುಂಬ ಚಿಂತೆ ಹುಟ್ಟಿಸಿದ್ದು ಈ ಮಾತು. ಏಕೆಂದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಇವತ್ತು ಬುಕಿಂಗ್ ಹಣ ಕಳಿಸುತ್ತೀರಿ. ನಾಳೆ ಗಾಡಿ ಲಾರಿಗೆ ಹತ್ತಿದ ಫೋಟೋ ಬರುತ್ತದೆ, ಜೊತೆಗೆ ಸಾಗಣೆ ವಿಮೆಗೆ ಇಷ್ಟು ಕಟ್ಟಿ ಎಂಬ ಮೆಸೇಜ್. ಆಮೇಲೆ ದಾರಿಯಲ್ಲಿ ಯಾವುದೋ ತೆರಿಗೆ. ಆಮೇಲೆ ನೀವು ಹಣ ಹಾಕಲು ತಡಮಾಡಿದ್ದರಿಂದ ದಂಡ. ಪ್ರತಿ ಸಲವೂ "ಇದು ವಾಪಸ್ ಬರುತ್ತೆ" ಎನ್ನುತ್ತಾರೆ. ಮೊದಲ ಸಲ ಕಳಿಸಿದ್ದನ್ನು ಕಳೆದುಕೊಳ್ಳಬಾರದು ಅಂತ ಎರಡನೆಯ ಸಲ, ಎರಡೂ ಹೋಗಬಾರದು ಅಂತ ಮೂರನೆಯ ಸಲ ಹಣ ಹೋಗುತ್ತದೆ. ಮೊದಲ ಮೊತ್ತ ಸಣ್ಣದಾಗಿರುವುದೇ ಇದಕ್ಕಾಗಿ.

ಈಗ ಗುರುತಿನ ಚೀಟಿಯ ವಿಷಯ. ಅವರು ಕಳಿಸಿದ ಚೀಟಿ ನೋಡಿ ನಿಮಗೆ ನಂಬಿಕೆ ಬಂತು, ಅಲ್ವಾ? ಚೀಟಿ ಅಸಲಿಯೇ ಇರಬಹುದು. ಆದರೆ ಅದು ನಿಮಗಿಂತ ಮೊದಲು ಇದೇ ಬಲೆಗೆ ಬಿದ್ದ ಯಾರದ್ದೋ ಆಗಿರಬಹುದು. ನಿಮ್ಮ ಚೀಟಿಯನ್ನು ಕೇಳಿ ಪಡೆದದ್ದೂ ಇದಕ್ಕೇ ಇರಬೇಕು. ಮುಂದಿನವರಿಗೆ "ನಾನೇ ಮಾಲೀಕ" ಅಂತ ನಿಮ್ಮ ಮುಖ ತೋರಿಸಲು ಅದು ಬಳಕೆಯಾಗಬಹುದು. ಆದ್ದರಿಂದ ಇವತ್ತೇ ಪೊಲೀಸರಿಗೆ ಒಂದು ದೂರು ಕೊಟ್ಟು, ಅದರ ಪ್ರತಿ ಇಟ್ಟುಕೊಳ್ಳಿ. ನಿಮ್ಮ ಬ್ಯಾಂಕಿಗೂ ತಿಳಿಸಿ. ನಾಳೆ ಯಾರಾದರೂ ನಿಮ್ಮನ್ನೇ ಮೋಸಗಾರ ಎಂದು ಹುಡುಕಿ ಬಂದರೆ ಆ ದೂರಿನ ತಾರೀಖು ನಿಮ್ಮ ಪರವಾಗಿ ನಿಲ್ಲುತ್ತದೆ. ಇನ್ನು ಮುಂದೆ ಚೀಟಿಯ ನಕಲು ಕೊಡಲೇಬೇಕಾಗಿ ಬಂದರೆ, ಯಾರಿಗೆ, ಯಾತಕ್ಕೆ, ಯಾವ ದಿನ ಕೊಟ್ಟದ್ದು ಎಂದು ಅದರ ಮೇಲೆ ಅಡ್ಡಲಾಗಿ ಬರೆದು ಕೊಡಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಆಸೆ ಬಿಡಬೇಕಿಲ್ಲ. ಒಳ್ಳೆಯ ಗಾಡಿಯನ್ನು ನ್ಯಾಯವಾದ ರೇಟಿಗೆ ಮಾರುವವರೂ ಅಲ್ಲೇ ಇದ್ದಾರೆ. ನನ್ನ ಮಟ್ಟಿಗೆ ಆನ್‌ಲೈನ್ ಇರುವುದು ಹುಡುಕುವುದಕ್ಕೆ ಮಾತ್ರ. ವ್ಯಾಪಾರ ನಡೆಯಬೇಕಾದದ್ದು ಬೈಕಿನ ಪಕ್ಕದಲ್ಲಿ ನಿಂತು. ನೋಡುವ ಮೊದಲೇ ಮುಂಗಡ ಕೇಳಿದರೆ, "ಇನ್ನೂ ನಾಲ್ಕು ಜನ ಕಾಯುತ್ತಿದ್ದಾರೆ" ಎಂದು ಅವಸರ ಮಾಡಿದರೆ, ಆ ನಾಲ್ಕು ಜನರಿಗೇ ಹೋಗಲಿ ಬಿಡಿ. ಮಾತುಕತೆಯನ್ನು ಜಾಹೀರಾತಿನ ಜಾಲತಾಣದೊಳಗೇ ಇಟ್ಟುಕೊಳ್ಳಿ. "ಹಣ ಸುರಕ್ಷಿತವಾಗಿರುತ್ತೆ, ಇಲ್ಲಿ ಕಟ್ಟಿ" ಎಂದು ಲಿಂಕ್ ಕಳಿಸಿದರೆ ಒತ್ತಬೇಡಿ. ಹೆಸರಿನಲ್ಲಿ ಒಂದೇ ಒಂದು ಅಕ್ಷರ ಬದಲಿಸಿ ಇಡೀ ತಾಣವನ್ನೇ ನಕಲು ಮಾಡಿರುತ್ತಾರೆ.

ಹೋಗುವ ಮೊದಲು ವಿಡಿಯೋ ಕಾಲ್ ಮಾಡಿಸಿ. ರೆಕಾರ್ಡ್ ಮಾಡಿದ ವಿಡಿಯೋ ಬೇಡ, ನೇರ ಕಾಲ್ ಆಗಬೇಕು. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಲು ಹೇಳಿ, ಫ್ರೇಮಿನ ಮೇಲೆ ಕೊರೆದಿರುವ ನಂಬರ್ ತೋರಿಸಲು ಹೇಳಿ. ಗಾಡಿ ಕೈಯಲ್ಲಿದ್ದವರಿಗೆ ಇದು ಕಷ್ಟದ ಕೆಲಸವಲ್ಲ. ಇಲ್ಲದವರಿಗೆ ಕ್ಯಾಮೆರಾ ಕೆಟ್ಟಿರುತ್ತದೆ, ನೆಟ್‌ವರ್ಕ್ ಇರುವುದಿಲ್ಲ.

ಆ ನಂಬರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಗಾಡಿಯ ನಿಜವಾದ ಹೆಸರು ಅದೇ. ನಂಬರ್ ಪ್ಲೇಟನ್ನು ಎರಡು ಸ್ಕ್ರೂ ಬಿಚ್ಚಿ ಬದಲಿಸಬಹುದು, ಫ್ರೇಮಿನ ನಂಬರನ್ನು ಅಷ್ಟು ಸುಲಭವಾಗಿ ಬದಲಿಸಲಾಗದು. ಈಗಿನ ಬಹುತೇಕ ಮೋಟಾರ್ ಬೈಕ್‌ಗಳಲ್ಲಿ ಅದು 17 ಅಕ್ಷರ ಮತ್ತು ಅಂಕಿಗಳ ಸಾಲು. ಸಾಮಾನ್ಯವಾಗಿ ಹ್ಯಾಂಡಲ್ ಕೂರುವ ಫ್ರೇಮಿನ ಕತ್ತಿನ ಭಾಗದಲ್ಲಿ ಇರುತ್ತದೆ. ಈ 17ರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದು ಅಂತ. ಗಾಡಿಯ ನೋಂದಣಿ ದಾಖಲೆಯಲ್ಲಿ ಅವು ಕಂಡರೆ ಅನುಮಾನಿಸಿ. ಆಮೇಲೆ ಬೆರಳಿನಿಂದ ಮುಟ್ಟಿ ನೋಡಿ. ಅಕ್ಷರಗಳ ಆಳ ಒಂದೇ ಸಮ ಇದೆಯೇ? ಸಾಲು ನೇರ ಇದೆಯೇ? ಸುತ್ತ ಉಜ್ಜಿದ ಗುರುತು, ಅಷ್ಟೇ ಜಾಗಕ್ಕೆ ಹೊಸ ಪೇಂಟ್ ಇದೆಯೇ? ಇವುಗಳಲ್ಲಿ ಏನಾದರೂ ಸರಿಯಿಲ್ಲ ಅನ್ನಿಸಿದರೆ ಕಾರಣ ಕೇಳುತ್ತಾ ನಿಲ್ಲಬೇಡಿ, ಹೊರಟುಬಿಡಿ. ಎಂಜಿನ್ ನಂಬರನ್ನೂ ಹೀಗೇ ನೋಡಿ, ಎರಡನ್ನೂ ದಾಖಲೆಯ ಜೊತೆ ಒಂದೊಂದೇ ಅಕ್ಷರ ಹಿಡಿದು ಓದಿ ಹೊಂದಿಸಿ. ದಾಖಲೆಯ ಫೋಟೋ ಸಾಲದು, ಮೂಲ ಪತ್ರವೇ ಬೇಕು. ಗಾಡಿಯ ಮೇಲೆ ಸಾಲ ಬಾಕಿ ಇದೆಯೇ, ಕಳುವಿನ ದೂರು ಇದೆಯೇ ಎಂಬುದನ್ನು ನೋಂದಣಿ ಇಲಾಖೆ ಮತ್ತು ಪೊಲೀಸರ ಮೂಲಕ ನೀವೇ ವಿಚಾರಿಸಿ. ಮಾರುವವರು ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ.

"ಗಾಡಿ ನನ್ನ ಅಣ್ಣನ ಹೆಸರಿನಲ್ಲಿದೆ" ಎಂದರೆ ಅಣ್ಣನೇ ಬರಲಿ. ಎರಡನೆಯ ಕೀ ಕೇಳಿ. ಕಳೆದುಹೋಗಿದೆ ಎಂಬ ಉತ್ತರ ನಿಜವೂ ಇರಬಹುದು, ಆದರೆ ಕದ್ದ ಗಾಡಿಗೆ ಎರಡನೆಯ ಕೀ ಇರುವುದು ಅಪರೂಪ.

ಗಾಡಿ ಅವರದ್ದೇ ಎಂದು ಖಾತ್ರಿಯಾದ ಮೇಲೂ ಒಂದು ಮೋಸ ಉಳಿದಿರುತ್ತದೆ. ಓಡಿದ ಕಿಲೋಮೀಟರ್ ತಿರುಚುವುದು. ಡಿಜಿಟಲ್ ಮೀಟರ್ ಕೂಡ ಇದಕ್ಕೆ ಹೊರತಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಬೈಕ್ 2021ರದ್ದು, ಮೀಟರಿನಲ್ಲಿ 6,000 ಕಿಲೋಮೀಟರ್, ಹಿಂದಿನ ಟೈರು ಮಾತ್ರ 2024ರದ್ದು ಎಂದುಕೊಳ್ಳಿ. ಹಾಗಾದರೆ ಮೊದಲ ಟೈರು ಅಷ್ಟು ಬೇಗ ಸವೆದದ್ದು ಹೇಗೆ ಎಂದು ಕೇಳಿ. ಪಂಕ್ಚರ್, ಸೀಳು ಎಂಬ ಸರಿಯಾದ ಉತ್ತರವೂ ಬರಬಹುದು. ಆಗ ಕಾಲಿಡುವ ರಬ್ಬರು, ಬ್ರೇಕ್ ಪೆಡಲಿನ ತುದಿ, ಹಿಡಿಯ ಸವೆತ ನೋಡಿ. ಜಾಸ್ತಿ ಓಡಿದ ಗಾಡಿಯ ಈ ಭಾಗಗಳು ನುಣ್ಣಗಾಗಿರುತ್ತವೆ. ಕ್ಲಚ್ ಮತ್ತು ಬ್ರೇಕ್ ಲಿವರಿನ ತುದಿ ಉಜ್ಜಿಹೋಗಿದ್ದರೆ ಗಾಡಿ ಬಿದ್ದಿರಬಹುದು. ತಲುಪಿದ ಕೂಡಲೇ ಎಂಜಿನ್ ಹತ್ತಿರ ಅಂಗೈ ಹಿಡಿದು ನೋಡಿ. ಆಗಲೇ ಬಿಸಿ ಇದ್ದರೆ ತಣ್ಣಗಾಗುವ ತನಕ ಕಾಯಿರಿ. ಸ್ಟಾರ್ಟ್ ಆಗುವ ತೊಂದರೆ ಮುಚ್ಚಿಡಲು ಮೊದಲೇ ಓಡಿಸಿ ಇಟ್ಟಿರುತ್ತಾರೆ. ಇದೆಲ್ಲ ನಿಮಗೆ ಹೊಸದಾಗಿದ್ದರೆ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಮಾರುವವರೇ ಸೂಚಿಸಿದ ಮೆಕ್ಯಾನಿಕ್ ಬೇಡ.

ಹಗಲು ಹೊತ್ತಿನಲ್ಲಿ, ಜನ ಓಡಾಡುವ ಕಡೆ, ಇನ್ನೊಬ್ಬರ ಜೊತೆ ಹೋಗಿ. ನಗದು ಕಟ್ಟು ಹಿಡಿದುಕೊಂಡು ಹೋಗಬೇಡಿ. ಹಣ ದಾಖಲೆಯಲ್ಲಿ ಹೆಸರಿರುವವರ ಖಾತೆಗೇ ಹೋಗಲಿ, ಹೆಸರು ಬದಲಾವಣೆಯ ಅರ್ಜಿಗೆ ಸಹಿಯೂ ಅದೇ ಹೊತ್ತಿಗೆ ಆಗಲಿ. ರಸೀದಿಯಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿ. ಅಂದು ಬೆಳಿಗ್ಗೆ ಅವರು ಮಾಡಿದ ಅಪಘಾತವೋ ದಂಡವೋ ಸಂಜೆ ನಿಮ್ಮ ಮಗಳ ತಲೆಗೆ ಬರಬಾರದು.

ನೀವು ಇದನ್ನು ಓದುವಷ್ಟರಲ್ಲಿ ಬುಕಿಂಗ್ ಹಣ ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಸುಮ್ನೆ ಕೂರಬೇಡಿ. ತಕ್ಷಣ ಬ್ಯಾಂಕಿಗೆ ಫೋನ್ ಮಾಡಿ. ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ತಡೆಯಲು ಸಾಧ್ಯವಾದರೆ ಅದು ಮೊದಲ ಕೆಲವು ಗಂಟೆಗಳಲ್ಲೇ. ಕೆಲವು ದಿನ ಬಿಟ್ಟು "ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀಸ್ ಕಟ್ಟಿ" ಎಂದು ಫೋನ್ ಬರಬಹುದು. ಅದೂ ಅದೇ ಗುಂಪಿನ ಕೆಲಸವಾಗಿರಬಹುದು, ಕಟ್ಟಬೇಡಿ. ಹಣ ಹೋಗಿರಲಿ ಬಿಡಲಿ, ಮೆಸೇಜ್‌ಗಳನ್ನು ಅಳಿಸಬೇಡಿ. ಅವರು ಕೊಟ್ಟ ಖಾತೆ ನಂಬರು, ಫೋನ್ ನಂಬರು, ಜಾಹೀರಾತು, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ದೂರಿನ ಜೊತೆ ಸೇರಿಸಿ. ಆಮೇಲೆ ಆ ಜಾಹೀರಾತನ್ನು ತಾಣಕ್ಕೆ ರಿಪೋರ್ಟ್ ಮಾಡಿ. ಅದು ಇನ್ನೂ ಅಲ್ಲೇ ಇದ್ದರೆ ಈ ಹೊತ್ತಿಗೂ ಯಾರೋ ಒಬ್ಬರು ಅವರ ಜೊತೆ ಮಾತನಾಡುತ್ತಿರಬಹುದು.