ಆ ಡಿಸ್ಕುಗಳನ್ನು ಮಾರಬೇಡಿ

ಪತ್ರ: "2018ರಲ್ಲಿ ಒಪ್ಪೋ ಡಿಜಿಟಲ್ ಕಂಪನಿ ಸಿನಿಮಾ ಡಿಸ್ಕು ಓಡಿಸುವ ಪ್ಲೇಯರ್ ಮಾಡುವುದನ್ನೇ ಬಿಟ್ಟಿತು. ಅವರ ಯುಡಿಪಿ-203 ನನ್ನ ಬಳಿ ಇದೆ, ಇವತ್ತಿಗೂ ಚೆನ್ನಾಗಿ ಓಡುತ್ತದೆ. ಮುನ್ನೂರರಷ್ಟು ಡಿಸ್ಕುಗಳಿವೆ. ಎಲ್ಲ ನೆಟ್‌ನಲ್ಲೇ ಸಿಗುವಾಗ ಈ ಡಬ್ಬಗಳು ಯಾಕಪ್ಪಾ ಅಂತ ಮಗಳು ಕೇಳುತ್ತಾಳೆ. ಅಂಥ ಕಂಪನಿಯೇ ಕೈ ಎತ್ತಿದ ಮೇಲೆ ನಾನು ಹಟ ಹಿಡಿಯುವುದರಲ್ಲಿ ಅರ್ಥ ಇದೆಯೇ?" – ಒಬ್ಬ ಹಳೇ ಓದುಗ

ಸಂಪಾದಕರ ಉತ್ತರ: ಅರ್ಥ ಇದೆ ಸ್ವಾಮಿ, ಬೇಕಾದಷ್ಟಿದೆ. ನಿಮ್ಮ ಪತ್ರ ಓದಿದ ಮೇಲೆ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟುಬಿಟ್ಟೆ. ಅವರೆಲ್ಲ ಕ್ಷಮಿಸಲಿ.

ಮೊದಲು ಮಗಳ ಕಡೆಯ ಮಾತು. ನೆಟ್‌ನಲ್ಲಿ ನೋಡುವುದು ಸುಲಭ, ಜಾಗ ತಿನ್ನುವುದಿಲ್ಲ, ಧೂಳು ಒರೆಸುವ ಕೆಲಸ ಇಲ್ಲ. ಡಿಸ್ಕುಗಳೂ ಅಮರವೇನಲ್ಲ, ಕೆಲವು ಒಳಗೊಳಗೇ ಹಾಳಾಗುತ್ತವೆ. ಸರಿ, ಒಪ್ಪಿದೆ. ಆಯಿತಲ್ಲ?

ಈಗ ನಿಮ್ಮ ಪ್ಲೇಯರಿಗೆ ಬರೋಣ. ಕ್ಯಾಲಿಫೋರ್ನಿಯಾದ ಈ ಕಂಪನಿಯ ಕೆಲಸ ಎಂಥದ್ದು ಅನ್ನುವುದಕ್ಕೆ ನನಗೆ ಬಲು ಇಷ್ಟವಾದ ಒಂದು ಕಥೆ ಇದೆ. ಅವರ ಬಿಡಿಪಿ-83 ಎಂಬ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರದ ಡಿಸ್ಕು) ಪ್ಲೇಯರ್ ಬೆಲೆ 499 ಡಾಲರ್ ಇತ್ತು. ಲೆಕ್ಸಿಕಾನ್ ಎಂಬ ದೊಡ್ಡ ಹೆಸರಿನವರು ಬಿಡಿ-30 ಅಂತ ಒಂದನ್ನು 3,500 ಡಾಲರಿಗೆ ಮಾರುತ್ತಿದ್ದರು. 2010ರಲ್ಲಿ ಯಾರೋ ಅದರ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಒಪ್ಪೋ ಪ್ಲೇಯರ್ ಕೂತಿದೆ, ಅದರದ್ದೇ ತಗಡಿನ ಪೆಟ್ಟಿಗೆ ಸಮೇತ! ಲೆಕ್ಸಿಕಾನ್ ಮಾಡಿದ್ದು ತಪ್ಪೇ. ಆದರೆ ಏಳು ಪಟ್ಟು ಬೆಲೆಗೆ ಮಾರುವವರೂ ಇದಕ್ಕಿಂತ ಒಳ್ಳೆಯದನ್ನು ಮಾಡುವ ಗೋಜಿಗೆ ಹೋಗಲಿಲ್ಲ ಅನ್ನುವುದನ್ನು ಗಮನಿಸಿ. ಡಿವಿಡಿ, ಬ್ಲೂ-ರೇ, ಸಿಡಿಗಿಂತ ಮೇಲ್ಮಟ್ಟದ ಧ್ವನಿಯ ಎಸ್‌ಎಸಿಡಿ, ಯಾರೂ ಕೇಳದ ಡಿವಿಡಿ-ಆಡಿಯೋ, ಯಾವುದನ್ನು ಹಾಕಿದರೂ ಒಪ್ಪೋ ಪ್ಲೇಯರ್ ಓಡಿಸುತ್ತಿತ್ತು. ನಿಲ್ಲಿಸುತ್ತೇವೆ ಅಂತ ಕಂಪನಿ 2018ರ ಏಪ್ರಿಲ್‌ನಲ್ಲಿ ಹೇಳಿದ ಮೇಲೆ ಜನ ಎಷ್ಟು ಮುಗಿಬಿದ್ದರೆಂದರೆ ಕೊನೆಯದಾಗಿ ಇನ್ನೊಂದು ಕಂತು ತಯಾರಿಸಬೇಕಾಯಿತು. ಬದುಕಿದ್ದಾಗ ಮಾತಾಡಿಸದವರು ತಿಥಿಗೆ ಮೊದಲು ಬಂದಂತೆ. ನೀವು ಕೊಂಡದ್ದು ಯಾವಾಗ? ಮುಂಚೆಯೇ ಕೊಂಡಿದ್ದರೆ ಈ ಮಾತು ನಿಮಗಲ್ಲ.

ಒಳ್ಳೆಯ ಕಂಪನಿ ಬಿಟ್ಟುಹೋಯಿತು ಅಂದರೆ ಆ ವಸ್ತುವಿನ ಕಾಲ ಮುಗಿಯಿತು ಅಂತ ನೀವೇ ತೀರ್ಮಾನಿಸಿಬಿಟ್ಟಿದ್ದೀರಿ. ನನ್ನ ಸಿಟ್ಟು ಅಲ್ಲಿಯೇ. 4ಕೆ, ಅಂದರೆ ಅತಿ ಸೂಕ್ಷ್ಮ ಚಿತ್ರದ ಡಿಸ್ಕಿನಿಂದ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಮಾಹಿತಿ ಬರಬಹುದು. ನೆಟ್‌ಫ್ಲಿಕ್ಸ್ ತನ್ನ 4ಕೆ ನೋಡಲು 15 ಮೆಗಾಬಿಟ್ ವೇಗದ ಸಂಪರ್ಕ ಸಾಕು ಅನ್ನುತ್ತದೆ. ನೆಟ್‌ನಲ್ಲಿ ನೋಡುವಾಗ ಕತ್ತಲ ದೃಶ್ಯದಲ್ಲಿ ಗೋಡೆ ಪಟ್ಟೆಪಟ್ಟೆಯಾಗಿ ಕಾಣುವುದು ಸುಮ್ನೆ ಅಲ್ಲ. ಡಿಸ್ಕು ಸೋತದ್ದು ಗುಣದಲ್ಲಿ ಅಲ್ಲ, ನಮ್ಮ ಸೋಮಾರಿತನದ ಎದುರು. 2019ರಲ್ಲಿ ಸ್ಯಾಮ್‌ಸಂಗ್ ಕೂಡ ಅಮೆರಿಕದ ಮಾರುಕಟ್ಟೆಗೆ ಹೊಸ ಪ್ಲೇಯರ್ ತರುವುದಿಲ್ಲ ಅಂದಿತು. ಆದರೂ ಪ್ಯಾನಸಾನಿಕ್ ಕೈಬಿಟ್ಟಿಲ್ಲ. ಮ್ಯಾಗ್ನೆಟಾರ್ ಎಂಬ ಹೊಸಬರು ಒಪ್ಪೋ ಖಾಲಿ ಮಾಡಿದ ಜಾಗಕ್ಕೇ ಬಂದು ಕೂತಿದ್ದಾರೆ.

ಇನ್ನು "ಎಲ್ಲ ನೆಟ್‌ನಲ್ಲೇ ಸಿಗುತ್ತದೆ" ಅನ್ನುವ ಮಾತು. ಸಿಗುತ್ತದೆ, ಅವರು ಕೊಡುವವರೆಗೆ. 2009ರಲ್ಲಿ ಅಮೆಜಾನ್, ದುಡ್ಡು ಕೊಟ್ಟು ಕೊಂಡವರ ಕಿಂಡಲ್ ಎಂಬ ಇ-ಪುಸ್ತಕ ಓದುವ ಯಂತ್ರಗಳಿಂದಲೇ ಎರಡು ಕಾದಂಬರಿಗಳನ್ನು ಅಳಿಸಿಹಾಕಿತು. ಮಾರಿದವರಿಗೆ ಮಾರುವ ಹಕ್ಕೇ ಇರಲಿಲ್ಲವಂತೆ. ದುಡ್ಡು ವಾಪಸ್ ಕೊಟ್ಟರು ಅನ್ನಿ. ಆದರೆ ನನ್ನ ಮನೆಯ ಕಪಾಟಿನಿಂದ ಪುಸ್ತಕ ಎತ್ತಿಕೊಂಡು ಹೋಗಿ ಮೇಜಿನ ಮೇಲೆ ನೋಟು ಇಟ್ಟರೆ ನಾನು ಸುಮ್ಮನಿರುತ್ತೇನೆಯೇ? 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನೇ ಜಾರಿಯಲ್ಲಿದೆ: ಕೊಡುತ್ತಿರುವುದು ಬರೀ ಪರವಾನಗಿ ಅಂತ ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ "ಖರೀದಿಸಿ" ಅನ್ನುವ ಗುಂಡಿ ಇಡುವಂತಿಲ್ಲ. ಒಪ್ಪೋ ಅಂಗಡಿ ಮುಚ್ಚಿದ ಅದೇ ರಾಜ್ಯ ನೋಡಿ.

ನಮ್ಮ ಕಚೇರಿಯದ್ದೇ ಕೇಳಿ. ಪತ್ರಿಕೆಯ ಹಳೇ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಒಂದು ಸಂಸ್ಥೆಯ ಸರ್ವರ್‌ನಲ್ಲಿ ಇಟ್ಟಿದ್ದೆವು. ಆ ಸಂಸ್ಥೆ ಬಾಗಿಲು ಹಾಕಿತು. ಸಂಚಿಕೆಗಳೂ ಹೋದವು. ಕಪಾಟಿನ ಬೈಂಡ್ ಪ್ರತಿಗಳ ಅಂಚನ್ನು ಗೆದ್ದಲು ತಿಂದಿದೆ, ಆದರೂ ಓದಬಹುದು. ಈಗ ಪ್ರಿಂಟರಿನ ಶಾಯಿಗೆ ಚಂದಾ, ಫೋಟೋ ತಿದ್ದುವ ಸಾಫ್ಟ್‌ವೇರಿಗೆ ಚಂದಾ, ಅಕ್ಷರ ಜೋಡಿಸುವುದಕ್ಕೂ ಚಂದಾ. ಕೊಟ್ಟಷ್ಟೂ ಕೊಡುತ್ತಲೇ ಇರಬೇಕು, ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಮ್ಮ ಪತ್ರಿಕೆಗೂ ಚಂದಾ ಕೇಳುತ್ತೇವಲ್ಲ ಅಂತ ನೀವು ನಗಬಹುದು. ಚಂದಾ ನಿಲ್ಲಿಸಿದಿರಿ ಅಂತ ನಿಮ್ಮ ಮನೆಗೆ ಬಂದು ಹಳೇ ಸಂಚಿಕೆ ಹೊತ್ತುಕೊಂಡು ಹೋಗುವುದಿಲ್ಲ, ಅಲ್ವಾ?

ನೀವು ಮಾಡಬೇಕಾದ್ದು ಇಷ್ಟೇ. ಪ್ಲೇಯರ್ ಸುತ್ತ ಗಾಳಿಯಾಡಲು ಜಾಗ ಬಿಡಿ, ಡಿಸ್ಕುಗಳನ್ನು ಬಿಸಿಲಿಗೆ ಇಡಬೇಡಿ. ಒಂದು ರಾತ್ರಿ ಮಗಳನ್ನು ಕೂರಿಸಿಕೊಂಡು ಒಂದೇ ಸಿನಿಮಾವನ್ನು ಎರಡೂ ಕಡೆ ಹಾಕಿ. ಕತ್ತಲಿರುವ, ಮಳೆ ಸುರಿಯುವ ದೃಶ್ಯವನ್ನೇ ಆರಿಸಿ. ನೀವು ಬಾಯಿ ಬಿಡಬೇಡಿ. ಅವಳು ಏನಂದಳು ಅಂತ ನನಗೆ ಬರೆಯಿರಿ. ಈ ಸಲದಂತೆಯೇ ಕಾಗದದಲ್ಲಿ, ದಯವಿಟ್ಟು.