ಅಕ್ರಾಕ್ಕೆ ಬರುವ ತಂಗಿಗೆ

ಸಾಗರದಿಂದ ಬರೆದಿದ್ದೀರಿ. ಯಜಮಾನರಿಗೆ ಘಾನಾದಲ್ಲಿ ಕೆಲಸ ಸಿಕ್ಕಿದೆ, ಮಳೆಗಾಲ ಮುಗಿಸಿಕೊಂಡು ಅಕ್ರಾಕ್ಕೆ ಬರುತ್ತಿದ್ದೀರಿ. ಮನೆ ಬಾಡಿಗೆ, ಮಲೇರಿಯಾ, ನಮ್ಮ ಊಟ, ಮಗುವಿನ ಸ್ಕೂಲು ಎಲ್ಲ ಕೇಳಿದ್ದೀರಿ. ಕೊನೆಯಲ್ಲಿ ಹೀಗೆ ಬರೆದಿದ್ದೀರಿ: "ಅಕ್ಕಾ, ನನಗೆ ಉಪ್ಪಿನಕಾಯಿ ಹಾಕುವುದು ಚೆನ್ನಾಗಿ ಬರುತ್ತದೆ. ಅಲ್ಲಿ ಮಾಡಿ ಮಾರಬಹುದಾ? ಎಂ.ಕಾಂ ಓದಿ ಉಪ್ಪಿನಕಾಯಿ ಮಾರಿದರೆ ನೋಡಿದವರು ಏನಂದುಕೊಳ್ಳುತ್ತಾರೋ ಅಂತ ಭಯ."

ಆ ಕೊನೇ ಸಾಲು ಓದಿದ ಮೇಲೆ ಎರಡು ದಿನ ನನಗೆ ಬೇರೆ ಯೋಚನೆ ಇಲ್ಲ. ಮಿಕ್ಕಿದ್ದನ್ನು ಬೇಗ ಹೇಳಿಬಿಡುತ್ತೇನೆ.

ಹಳದಿ ಜ್ವರದ ಇಂಜೆಕ್ಷನ್ ಹಾಕಿಸಿಕೊಂಡು ಅದರ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ, ಏರ್‌ಪೋರ್ಟಿನಲ್ಲಿ ಕೇಳುತ್ತಾರೆ. ಸೊಳ್ಳೆ ಪರದೆ ಕಟ್ಟಿ ಮಲಗಿ. ಜ್ವರ ಬಂದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ, ನಾಳೆ ನೋಡೋಣ ಅನ್ನಬೇಡಿ. ಬಾಡಿಗೆ ಮುಂಗಡ ಆರು ತಿಂಗಳಿಗಿಂತ ಜಾಸ್ತಿ ಕೇಳಬಾರದು ಅಂತ ಕಾನೂನಿದೆ. ಆದರೆ ಒಂದು ವರ್ಷದ್ದು, ಎರಡು ವರ್ಷದ್ದು ಒಟ್ಟಿಗೆ ಕೇಳುವವರೇ ಹೆಚ್ಚು. ಯಜಮಾನರು ಕಂಪನಿಯವರ ಹತ್ತಿರ ಈಗಲೇ ಮಾತಾಡಿಕೊಳ್ಳಲಿ. ಅಲಸಂದೆ ಕಾಳು, ಬಾಳೆಕಾಯಿ, ಗೆಣಸು, ಬೆಂಡೆಕಾಯಿ ಎಲ್ಲ ಸಿಗುತ್ತದೆ. ಹೊರಗೆ ತಿನ್ನುವಾಗ ಮಾತ್ರ ಮೀನು ಹಾಕಿದ್ದೀರಾ ಅಂತ ಕೇಳಿಯೇ ತಿನ್ನಿ. ಎಡಗೈಯಲ್ಲಿ ಏನನ್ನೂ ಕೊಡಬೇಡಿ. ಅದು ನಿಮಗೆ ಹೇಳಬೇಕಾಗಿಲ್ಲ, ಅಲ್ವಾ? ಅಂಗಡಿಗೆ ಹೋದರೆ ಮೊದಲು ಕ್ಷೇಮ ವಿಚಾರಿಸಿ, ಆಮೇಲೆ ರೇಟು. ಸ್ಕೂಲಿನ ವಿಷಯ ನಿಮ್ಮ ವಯಸ್ಸಿನ ತಾಯಂದಿರನ್ನು ಕೇಳುವುದೇ ಒಳ್ಳೆಯದು.

ಈಗ ನಿಮ್ಮ ಭಯದ ಮಾತು.

ನಾನು ಬಂದಿದ್ದು 1998ರ ಏಪ್ರಿಲ್‌ನಲ್ಲಿ. ತೀರ್ಥಹಳ್ಳಿ ಕಡೆಯವಳು, ಬಿ.ಕಾಂ ಮುಗಿಸಿದ್ದೆ. ಆ ವರ್ಷ ಇಲ್ಲಿನ ಅಕೊಸೊಂಬೊ ಅಣೆಕಟ್ಟಿನಲ್ಲಿ ನೀರು ತುಂಬಾ ಇಳಿದು ಕರೆಂಟು ಪಾಳಿ ಮೇಲೆ ಬರುತ್ತಿತ್ತು. ಲಿಂಗನಮಕ್ಕಿ ಖಾಲಿಯಾದ ವರ್ಷ ಊರು ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ, ಹಾಗೇ. ಫ್ರಿಜ್ ನಂಬುವ ಹಾಗಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಒಂದೇ ಕೆಡದೆ ಉಳಿದಿದ್ದು. ಅದು ಮುಗಿದ ಮೇಲೆ ಇಲ್ಲಿನ ನಿಂಬೆಹಣ್ಣಿನಲ್ಲಿ, ಮಾವಿನಕಾಯಿಯಲ್ಲಿ ನಾನೇ ಹಾಕಿದೆ.

ನಮ್ಮ ಮನೆ ಮದೀನಾದಲ್ಲಿತ್ತು, ಅಕ್ರಾದ ಒಂದು ಬಡಾವಣೆ ಅದು. ಪಕ್ಕದ ಮನೆಯವರು ಮದೀನಾ ಮಾರ್ಕೆಟ್ಟಿನಲ್ಲಿ ಟೊಮೆಟೊ, ಈರುಳ್ಳಿ ಮಾರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಬೆಳಿಗ್ಗೆ ಸೂಸು ವಸೂಲಿಯವನು ಕಾರ್ಡು ಹಿಡಿದು ಅವರ ಬಾಗಿಲಿಗೆ ಬರುತ್ತಿದ್ದ. ಇವರು ದಿನಾ ಇಷ್ಟಿಷ್ಟು ದುಡ್ಡು ಕೊಡುತ್ತಿದ್ದರು. ತಿಂಗಳ ಕೊನೆಗೆ ಒಂದು ದಿನದ ಹಣ ತಾನಿಟ್ಟುಕೊಂಡು ಉಳಿದದ್ದನ್ನು ಅವನು ತಂದುಕೊಡುತ್ತಿದ್ದ. ನಮ್ಮ ಕಡೆ ಪಿಗ್ಮಿ ಕಟ್ಟುವ ಹಾಗೇ! ಅದನ್ನು ನೋಡಿದ ದಿನ ಈ ಊರು ನನಗೆ ಸ್ವಲ್ಪ ಹತ್ತಿರ ಬಂತು.

ಒಂದು ದಿನ ಅವರಿಗೆ ನಿಂಬೆ ಉಪ್ಪಿನಕಾಯಿ ಕೊಟ್ಟೆ. ಕೆಂಕೆ ಜೊತೆ ತಿಂದರು. ಕೆಂಕೆ ಅಂದರೆ ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟಿನ ಕಡುಬು. ಮರುದಿನ ಖಾಲಿ ಬಾಟಲಿ ಹಿಡಿದು ಬಂದು ಹೇಳಿದರು: "ಲೈಸೆನ್ಸು, ಕಾಗದಪತ್ರ ನನ್ನ ಹೆಸರಲ್ಲಿ ಮಾಡಿಸುತ್ತೇನೆ. ಕೈರುಚಿ ನಿನ್ನದು. ಇಬ್ಬರೂ ಸೇರಿ ಮಾಡಿ, ಆಫೀಸುಗಳಿಗೆ ತಗೊಂಡು ಹೋಗಿ ಮಾರೋಣ."

ನಾನು ಏನಂದೆ ಗೊತ್ತಾ? "ನಮ್ಮ ಮನೆತನದಲ್ಲಿ ಹೆಂಗಸರು ಬೀದಿಯಲ್ಲಿ ನಿಂತು ಮಾರುವುದಿಲ್ಲ. ನಾನು ಓದಿದವಳು."

ಮಾರ್ಕೆಟ್ಟಿನಲ್ಲಿ ಕೂತು ಮೂರು ಮಕ್ಕಳನ್ನು ಓದಿಸುತ್ತಿದ್ದವರ ಮುಂದೆ ಆ ಮಾತು ಆಡಿದೆ. ಅವರು ಸಿಟ್ಟಾಗಲಿಲ್ಲ. ಒಳಗೆ ಹೋಗಿ ಒಂದು ಡಬ್ಬ ತಂದು ತೋರಿಸಿದರು. ತಾಳೆಹಣ್ಣಿನ ಸಾರಿಗೆ ಹಾಕುವ ರಸದ ಡಬ್ಬ. ಮೇಲೆ ಎನ್ಕುಲೆನು ಅಂತ ಹೆಸರು. "ಈ ಹೆಂಗಸನ್ನೂ ಜನ ಹೀಗೇ ಆಡಿಕೊಂಡರು. ಫ್ಯಾಕ್ಟರಿ ಇಲ್ಲೇ ಮದೀನಾದಲ್ಲಿದೆ. ಬಾ, ಹೋಗಿ ನೋಡಿಕೊಂಡು ಬರೋಣ" ಅಂದರು. ಮುಂದಿನ ತಿಂಗಳು ಹೋಗೋಣ ಅಂದೆ.

ಆ ಹೆಂಗಸು ಎಸ್ತರ್ ಅಫುವಾ ಒಕ್ಲೂ. ನಾನು ಮನಸ್ಸಿನಲ್ಲಿ ಎಸ್ತರಮ್ಮ ಅಂತಲೇ ಕರೆಯುತ್ತೇನೆ. ಹುಟ್ಟಿದ್ದು 1919ರ ಏಪ್ರಿಲ್ 18, ವೋಲ್ಟಾ ಸೀಮೆಯ ಪೆಕಿ ಅನ್ನುವ ಕಡೆ. ಅಪ್ಪ ಕಮ್ಮಾರ. ಅಮ್ಮ ಮಡಕೆ ಮಾಡುತ್ತಿದ್ದರು, ಹೊಲದಲ್ಲೂ ದುಡಿಯುತ್ತಿದ್ದರು. ಬೋರ್ಡಿಂಗ್ ಸ್ಕೂಲಿನಲ್ಲಿ ಊಟಕ್ಕೆ ಕೊಡಲು ಹಣವಿಲ್ಲದೆ ವಾರವಾರ ಮನೆಯಿಂದ ಸಾಮಾನು ಹೊತ್ತು ತಂದು ತಾನೇ ಬೇಯಿಸಿಕೊಂಡು ಓದಿದವರು. ಆಮೇಲೆ ಸ್ಕಾಲರ್‌ಶಿಪ್ ಸಿಕ್ಕಿ ಅಚಿಮೋಟಾ ಶಾಲೆ ಸೇರಿದರು. ಆಗ ಇದು ಬ್ರಿಟಿಷರ ಗೋಲ್ಡ್ ಕೋಸ್ಟ್, ಅಚಿಮೋಟಾ ಅಂದರೆ ದೊಡ್ಡ ಹೆಸರು.

ಅಲ್ಲಿ ಓದು ಮುಗಿಸಿ ಬಂದಾಗ ಚಿಕ್ಕಮ್ಮನೋ ಅತ್ತೆಯೋ ಒಬ್ಬರು ಕೈಯಲ್ಲಿ ಕೆಲವೇ ಶಿಲ್ಲಿಂಗ್ ಇಟ್ಟರು. ಅದರಲ್ಲಿ ಕಿತ್ತಳೆ, ಸಕ್ಕರೆ, ಹನ್ನೆರಡು ಬಾಟಲಿ ಕೊಂಡರು. ಮಾರ್ಮಲೇಡ್ ಕಾಯಿಸಿದರು, ಅಂದರೆ ಕಿತ್ತಳೆ ಜಾಮ್. ಸಿಪ್ಪೆ ಸಮೇತ ಮಾಡುವುದು, ಸಿಹಿಯ ಜೊತೆ ಸಣ್ಣ ಕಹಿ ಇರುತ್ತದೆ, ನಮ್ಮ ಹೇರಳೆಕಾಯಿ ಗೊಜ್ಜಿನ ಹಾಗೆ. ಬಾಟಲಿಗೆ ಒಂದು ಶಿಲ್ಲಿಂಗಿನಂತೆ ಬೀದಿಯಲ್ಲಿ ಮಾರಿದರು. ಜೊತೆಯಲ್ಲಿ ಓದಿದವರು ಕಂಡು ನಕ್ಕರು. ಅಚಿಮೋಟಾದಲ್ಲಿ ಓದಿ, ಅಕ್ಷರ ಬಾರದವಳ ಹಾಗೆ ಬೀದಿಯಲ್ಲಿ ಮಾರುತ್ತಾಳಲ್ಲ ಅಂದರು.

ನೋಡಿ ತಂಗಿ, ನಿಮ್ಮ ಭಯ ಇದೇ ತಾನೇ? ನನ್ನದೂ ಇದೇ ಆಗಿತ್ತು.

ಎಸ್ತರಮ್ಮ ನಿಲ್ಲಿಸಲಿಲ್ಲ. ಓದಿದ ಶಾಲೆಗೇ ಮಾರ್ಮಲೇಡ್, ಕಿತ್ತಳೆ ರಸ ಒದಗಿಸುವ ಆರ್ಡರ್ ಹಿಡಿದರು. ಬ್ಯಾಂಕಿನಲ್ಲಿ ಸಾಲ ತೆಗೆದು 1942ರಲ್ಲಿ ಕಂಪನಿ ಕಟ್ಟಿದರು, ಎನ್ಕುಲೆನು ಅಂತ ತವರಿನ ಹೆಸರಿಟ್ಟರು. ಆಗ ವಯಸ್ಸು ಇನ್ನೂ 23. ನನಗೆ ಜಾಸ್ತಿ ಹಿಡಿಸುವುದು ಮುಂದಿನ ಹೆಜ್ಜೆ. ವ್ಯಾಪಾರ ನಡೆಯುತ್ತಿರುವಾಗಲೇ 1949ರಲ್ಲಿ ಇಂಗ್ಲೆಂಡಿಗೆ ಓದಲು ಹೋದರು, ಎರಡು ವರ್ಷ ಇದ್ದರು. ಲಂಡನ್ನಿನ ಗುಡ್ ಹೌಸ್‌ಕೀಪಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಅಡುಗೆಯ ಡಿಪ್ಲೊಮಾ ಪಡೆದ ಮೊದಲ ಕಪ್ಪು ವ್ಯಕ್ತಿ ಅವರು. ಮೂವತ್ತು ದಾಟಿದ ಹೆಂಗಸು, ಪರದೇಶ, ಆ ಚಳಿ. ಅಲ್ಲಿ ಅವರನ್ನು ನೋಡಿದವರು ಏನಂದುಕೊಂಡರೋ! ಹಣ್ಣು, ತರಕಾರಿ ಕೆಡದ ಹಾಗೆ ಇಡುವುದನ್ನು ಕಲಿತು ವಾಪಸು ಬಂದರು. ಘಾನಾ ಸ್ವತಂತ್ರವಾದ ಮೇಲೆ ಇಲ್ಲಿನ ಕೈಗಾರಿಕೆಗಳ ಒಕ್ಕೂಟಕ್ಕೆ ಮೊದಲ ಅಧ್ಯಕ್ಷೆಯಾದರು.

ನಮಗೆ ಹತ್ತಿರದ ವಿಷಯ ಇನ್ನೊಂದಿದೆ. 1975ರಲ್ಲಿ ಮೆಕ್ಸಿಕೋದಲ್ಲಿ ವಿಶ್ವಸಂಸ್ಥೆಯ ಮೊದಲ ಮಹಿಳಾ ಸಮ್ಮೇಳನ ನಡೆಯಿತು. ಬಡ ಹೆಂಗಸರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಏನು ಮಾಡೋಣ ಅನ್ನುವ ಮಾತು ಅಲ್ಲಿ ಎದ್ದಿತು. ಅದರಿಂದ 1979ರಲ್ಲಿ ವಿಮೆನ್ಸ್ ವರ್ಲ್ಡ್ ಬ್ಯಾಂಕಿಂಗ್ ಅನ್ನುವ ಸಂಸ್ಥೆ ಹುಟ್ಟಿತು. ಕಟ್ಟಿದವರಲ್ಲಿ ಎಸ್ತರಮ್ಮ ಒಬ್ಬರು, ಅಹಮದಾಬಾದಿನಲ್ಲಿ ದುಡಿಯುವ ಹೆಂಗಸರ 'ಸೇವಾ' ಸಂಘ ಕಟ್ಟಿದ ಇಳಾ ಭಟ್ ಇನ್ನೊಬ್ಬರು. ಅದರ ಆಡಳಿತ ಮಂಡಳಿಗೆ ಮೊದಲ ಅಧ್ಯಕ್ಷೆ ಎಸ್ತರಮ್ಮನೇ. ಬೀದಿ ಬದಿ ಅನ್ನ-ಸಾರು ಮಾರುವ ಹೆಂಗಸು ಆಫೀಸಿಗೆ ಹೋಗುವ ಎಷ್ಟೋ ಹೆಂಗಸರಿಗಿಂತ ಜಾಸ್ತಿ ದುಡಿಯುತ್ತಾಳೆ, ಆದರೆ ಅವಳನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಅಂತ ಅವರು ಹೇಳುತ್ತಿದ್ದರಂತೆ. ಊರಲ್ಲಿ ಸ್ತ್ರೀಶಕ್ತಿ ಸಂಘದ ಹೆಂಗಸರು ವಾರವಾರ ಕೂತು ಹಣ ಎಣಿಸುವುದನ್ನು ನೋಡಿದಾಗೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಇಷ್ಟೆಲ್ಲ ನನಗೆ ಗೊತ್ತಾಗಿದ್ದು ಎಸ್ತರಮ್ಮ ಹೋದ ಮೇಲೆ. 2002ರ ಫೆಬ್ರವರಿ 8ರಂದು ತೀರಿಕೊಂಡರು. ಸರ್ಕಾರಿ ಗೌರವದಿಂದ ಮಣ್ಣು ಮಾಡಿದರು. ಇಲ್ಲಿ ಹುಟ್ಟಿದ ವಾರದ ಹೆಸರು ಮಗುವಿಗೆ ಇಡುತ್ತಾರೆ, ಅಫುವಾ ಅಂದರೆ ಶುಕ್ರವಾರ ಹುಟ್ಟಿದವಳು. ಅವರು ತೀರಿಕೊಂಡಿದ್ದೂ ಶುಕ್ರವಾರವೇ. ಅವತ್ತು ನಾನು ದೀಪ ಹಚ್ಚಿ ಲಕ್ಷ್ಮಿಗೆ ಹೂವಿಟ್ಟಿದ್ದೆ. ಸುಮಾರು ನಾಲ್ಕು ವರ್ಷ ಒಂದೇ ಊರಲ್ಲಿದ್ದೆ, ಅವರ ಫ್ಯಾಕ್ಟರಿ ಇದ್ದ ಬಡಾವಣೆಯಲ್ಲೇ ಮನೆ. ಮುಂದಿನ ತಿಂಗಳು ಅನ್ನುತ್ತಲೇ ಇದ್ದೆ. ಹೋಗಿದ್ದರೆ ಭೇಟಿ ಆಗುತ್ತಿತ್ತೋ ಇಲ್ಲವೋ, ಗೇಟಿನವರೆಗೂ ಹೋಗಲಿಲ್ಲವಲ್ಲ.

ಪಕ್ಕದ ಮನೆಯವರು ನನಗಾಗಿ ಕಾಯಲಿಲ್ಲ. ಶಿಟೊ ಅಂತ ಕಪ್ಪು ಮೆಣಸಿನಕಾಯಿ ಚಟ್ನಿ ಮಾಡುತ್ತಾರೆ ಇಲ್ಲಿ, ಒಣ ಮೀನು ಹಾಕಿ. ಅದನ್ನು ಬಾಟಲಿಗೆ ತುಂಬಿ ಮಾರಲು ಶುರು ಮಾಡಿದರು. ಈಗ ಸ್ವಂತ ಮನೆ ಇದೆ, ಇಬ್ಬರು ಹುಡುಗಿಯರು ಕೈಕೆಳಗೆ ಕೆಲಸ ಮಾಡುತ್ತಾರೆ. ಎದುರು ಸಿಕ್ಕರೆ ನಗುತ್ತಾರೆ, ಮಕ್ಕಳು ಹೇಗಿದ್ದಾರೆ ಅಂತ ಕೇಳುತ್ತಾರೆ. ಆದರೆ ಬಾಟಲಿ ಹಿಡಿದು ನನ್ನ ಬಾಗಿಲಿಗೆ ಮತ್ತೆ ಬರಲಿಲ್ಲ.

ನಿಮಗೆ ಕಾನೂನೂ ಹೇಳಬೇಕು, ಸುಮ್ನೆ ಆಸೆ ಹುಟ್ಟಿಸಬಾರದು. ಮಾರ್ಕೆಟ್ಟಿನಲ್ಲಿ, ಗೂಡಂಗಡಿಯಲ್ಲಿ, ಬೀದಿಯಲ್ಲಿ ಮಾರುವುದು ಇಲ್ಲಿ ಘಾನಾದ ಪ್ರಜೆಗಳಿಗೆ ಮಾತ್ರ. 2013ರ ಹೂಡಿಕೆ ಕಾನೂನಿನಲ್ಲಿ ಹಾಗೇ ಬರೆದಿದೆ. ನನಗೆ ಅದು ಸರಿ ಅನ್ನಿಸುತ್ತದೆ, ಅವರ ಅನ್ನ ಅದು. ವಿದೇಶಿಯರು ಕಂಪನಿ ಮಾಡಬೇಕಾದರೆ ಬೇರೆ ನಿಯಮಗಳಿವೆ, ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ. ಬಾಟಲಿಯಲ್ಲಿ ತಿಂಡಿ ಮಾರಲು ಎಫ್‌ಡಿಎ, ಅಂದರೆ ಇಲ್ಲಿನ ಆಹಾರ ಮತ್ತು ಔಷಧ ಪ್ರಾಧಿಕಾರದ ನೋಂದಣಿ ಬೇಕು. ಗಂಡನ ವೀಸಾದ ಮೇಲೆ ಬಂದವರು ಪರ್ಮಿಟ್ ಇಲ್ಲದೆ ದುಡಿಯುವ ಹಾಗಿಲ್ಲ. ಹಾಗಾಗಿ ಇಲ್ಲಿನ ಹೆಂಗಸೊಬ್ಬರ ಜೊತೆ ಸೇರಿ, ಕಾಗದಪತ್ರ ಸರಿ ಮಾಡಿಕೊಂಡು ಮಾಡಬೇಕು. ನನಗೆ ಮನೆ ಬಾಗಿಲಿಗೇ ಬಂದಿದ್ದು ಅದೇ.

ಮೊದಲ ದಿನದಿಂದ ಲೆಕ್ಕದ ಪುಸ್ತಕ ಇಡಿ. ನೀವು ಎಂ.ಕಾಂ, ನಾನು ಬೇರೆ ಹೇಳಬೇಕಾ? ನಿಮ್ಮ ಕೈ ಕೆಲಸಕ್ಕೂ ಕೂಲಿ ಬರೆದುಕೊಳ್ಳಿ.

ಅಪ್ಪೆಮಿಡಿ ಇಲ್ಲಿ ಸಿಗುವುದಿಲ್ಲ. ಬರುವಾಗ ಎರಡು ಡಬ್ಬ ತನ್ನಿ. ಗಾಳಿಯಾಡದ ಹಾಗೆ ಮುಚ್ಚಿ, ಮೇಲೆ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ, ಬಟ್ಟೆಯ ಮಧ್ಯೆ ಇಡಿ. ಒಂದು ನಿಮಗೆ. ಇನ್ನೊಂದನ್ನು ತೆಗೆದುಕೊಂಡು ನಾವಿಬ್ಬರೂ ಶಿಟೊ ಮಾಡುವವರ ಮನೆಗೆ ಹೋಗೋಣ. ಒಬ್ಬಳೇ ಹೋಗಲು ನನಗೆ ಇಷ್ಟು ವರ್ಷವಾದರೂ ಆಗಿಲ್ಲ.