ಬ್ಲೆಂಡರ್‌ನಲ್ಲಿ ಮಾಡಿದ ಕೋತಿಯ ಮೈಗೂದಲು ಪ್ಲಾಸ್ಟಿಕ್‌ನಂತೆ ಕಾಣುವುದೇಕೆ?

ಬ್ಲೆಂಡರ್ ಎಂಬ ತ್ರಿಆಯಾಮ (3D) ಚಿತ್ರ ತಂತ್ರಾಂಶದಲ್ಲಿ ರೂಪಿಸಿದ ಕೋತಿಯ ಮೈಮೇಲೆ ಎಷ್ಟು ದಟ್ಟವಾಗಿ ಕೂದಲು ಹರಡಿದರೂ ಅದು ಪ್ಲಾಸ್ಟಿಕ್ ಬ್ರಷ್ಷಿನಂತೆಯೇ ಕಾಣುತ್ತದೆ ಎಂದಿದ್ದೀರಿ. ದೋಷವಿರುವುದು ಕೂದಲಿನ ಸಂಖ್ಯೆಯಲ್ಲಲ್ಲ, ಅದರ ಏಕರೂಪತೆಯಲ್ಲಿ. ಕೋಲಾರದ ಅಂತರಗಂಗೆಯ ಮೆಟ್ಟಿಲುಗಳ ಮೇಲೆ ಕುಳಿತ ಕೋತಿಯನ್ನು ಹತ್ತಿರದಿಂದ ನೋಡಿ (ಬಾಳೆಹಣ್ಣಿನ ಚೀಲ ಕೈಯಲ್ಲಿರದಿರಲಿ): ನೆತ್ತಿಯ ಸುಳಿಯಿಂದ ಕೂದಲು ಟೋಪಿಯಂತೆ ಸುತ್ತಲೂ ಹರಡಿರುತ್ತದೆ, ಹಣೆಯ ಮೇಲಿನದು ಗಿಡ್ಡವಾಗಿ ನಡುವೆ ಬೈತಲೆ ತೆಗೆದಂತಿರುತ್ತದೆ, ಹೊಟ್ಟೆಯದು ಬಿಳಿಚಾಗಿ ವಿರಳವಾಗಿರುತ್ತದೆ.

ಆದ್ದರಿಂದ ಮೊದಲು ಕೆಲವು ನೂರು ಮಾರ್ಗದರ್ಶಿ ಕೂದಲುಗಳನ್ನಷ್ಟೇ ನೆಟ್ಟು, ಸುಳಿಯ ದಿಕ್ಕನ್ನನುಸರಿಸಿ ಕೈಯಿಂದಲೇ ಬಾಚಿ, ಉಳಿದ ಲಕ್ಷಾಂತರ ಕೂದಲುಗಳನ್ನು ಅವುಗಳ ನಡುವೆ ತುಂಬುವ ಕೆಲಸವನ್ನು ತಂತ್ರಾಂಶಕ್ಕೆ ಬಿಡಬೇಕು. ಬಳಿಕ ತುದಿಗಳನ್ನು ತೆಳುವಾಗಿಸಿ, ಸಣ್ಣ ಸಣ್ಣ ಕುಚ್ಚುಗಳಾಗಿ ಸೇರಿಸಿ, ಅಲ್ಲಲ್ಲಿ ಒಂದೆರಡು ಎಳೆಗಳು ಕುಚ್ಚಿನಿಂದ ತಪ್ಪಿಸಿಕೊಂಡು ನಿಲ್ಲುವಂತೆ ಮಾಡಬೇಕು. ನನ್ನ ಅನುಭವದಲ್ಲಿ ಚಿತ್ರಕ್ಕೆ ಜೀವ ಬರುವುದು ಈ ಹಂತದಲ್ಲಿಯೇ.

ಇನ್ನು ಬೆಳಕಿನ ವಿಚಾರ. ಬೆಳಕು ಕೂದಲಿನ ಮೇಲ್ಮೈಯಲ್ಲಿ ಪ್ರತಿಫಲಿಸುವುದಷ್ಟೇ ಅಲ್ಲದೆ ಎಳೆಯ ಒಳಹೊಕ್ಕು ಇನ್ನೊಂದು ಬದಿಯಿಂದಲೂ ಹೊರಬರುವುದರಿಂದ, ಸಾಮಾನ್ಯ ಶೇಡರ್‌ನ (ಮೇಲ್ಮೈ ಬೆಳಕಿಗೆ ಹೇಗೆ ಸ್ಪಂದಿಸಬೇಕೆಂದು ನಿರ್ಧರಿಸುವ ಸಾಧನ) ಬದಲು ಬ್ಲೆಂಡರ್‌ನ ಚಿತ್ರ ಮೂಡಿಸುವ ಭಾಗವಾದ ಸೈಕಲ್ಸ್‌ನಲ್ಲಿರುವ ಪ್ರಿನ್ಸಿಪಲ್ಡ್ ಹೇರ್ ಶೇಡರ್ ಬಳಸಿ, ಕೂದಲಿಗೆ ಬಣ್ಣ ಕೊಡುವ ಮೆಲನಿನ್‌ನ ಪ್ರಮಾಣವನ್ನು ಎಳೆಯಿಂದ ಎಳೆಗೆ ತುಸು ಬದಲಿಸಿ, ದೀಪವೊಂದನ್ನು ಕೋತಿಯ ಬೆನ್ನ ಹಿಂದೆ ಇಡಿ.